ಎಂಬತ್ತೆಂಟರ ಮುಂದಿನ ಪುಟ

ಸಿಕಂದರಾಬಾದಿನ ಚಿಲಕಲಗೂಡದಲ್ಲಿ ನನ್ನ ಚಿಗವ್ವನ ಮನೆ. ಬೀದರಿನಿಂದ ಬೈಕಿನಲ್ಲಿ ಬರುತ್ತಿದ್ದ ಅವಳ ಮಗ ಜಹೀರಾಬಾದಿನ ಹತ್ತಿರ ಲಾರಿಗೆ ಸಿಕ್ಕಿ ತೀರಿಕೊಂಡು ಇನ್ನೂ ನಲವತ್ತು ದಿನ ಆಗಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಬೆರಳುಗಳು ಮಾತ್ರ ಚಾದರದ ಅಂಚಿನ ದಾರ ಎಳೆಯುತ್ತಿದ್ದವು. ಎಳೆದ ದಾರವೆಲ್ಲ ದಿಂಬಿನ ಪಕ್ಕ ಸಣ್ಣ ಗುಡ್ಡೆಯಾಗಿತ್ತು. ಚರ್ಚಿನ ಸಭೆಯ ಹಿರಿಯರೊಬ್ಬರು ಬಂದು ಕುರ್ಚಿ ಎಳೆದುಕೊಂಡು ಕೂತರು. ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: “ನಿರಾಶ ಪಾಪಂ, ಅಮ್ಮಾ.”

ಅವರು ಕೆಟ್ಟವರಲ್ಲ, ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಆದರೂ ಆ ಮಾತಿಗೆ ನನ್ನ ಮೈ ಉರಿಯಿತು. ಎದ್ದು ನಿಲ್ಲಲಾಗದವಳ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟಂತಾಯಿತು.

ಎಲ್ಲವೂ ಕರ್ಮ, ಕಾಲವೇ ಮದ್ದು, ಒಳ್ಳೆಯದನ್ನೇ ಯೋಚಿಸಿದರೆ ಒಳ್ಳೆಯದಾಗುತ್ತದೆ ಎನ್ನುವ ಸಮಾಧಾನಗಳ ಜೊತೆ ನನಗೆ ಜಗಳವಿಲ್ಲ. ಅವು ಕಿವಿಯ ಹೊರಗೇ ಉಳಿಯುತ್ತವೆ. ನಿರಾಶೆಯನ್ನು ಪಾಪವೆನ್ನುವ ಮಾತು ಹಾಗಲ್ಲ, ಅದಕ್ಕೆ ಬೇರಿದೆ. ಮಧ್ಯಯುಗದ ದೇವತಾಶಾಸ್ತ್ರಜ್ಞ ಅಕ್ವಿನಾಸ್ ಕೂಡ ನಿರಾಶೆಯನ್ನು ಪಾಪದ ಸಾಲಿನಲ್ಲೇ ನಿಲ್ಲಿಸಿದ್ದ. ಆದರೆ ನಾನು ಸೆಣಸಬೇಕಾದವನು ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್.

1849ರಲ್ಲಿ ಆಂಟಿ-ಕ್ಲಿಮಾಕಸ್ ಎಂಬ ಹೆಸರಿಟ್ಟುಕೊಂಡು ಅವನು ಮರಣಕರ ರೋಗದ ಬಗ್ಗೆ ಒಂದು ಪುಸ್ತಕ ಬರೆದ. ‘ಮರಣಕರ ರೋಗ’ ಎಂಬ ಮಾತು ಯೋಹಾನನ ಸುವಾರ್ತೆಯ ಲಾಜರನ ಕಥೆಯಿಂದ ಬಂದದ್ದು. ರೋಗವೆಂದರೆ ನಿರಾಶೆ, ಪುಸ್ತಕದ ಎರಡನೆಯ ಭಾಗ ಅದನ್ನು ನೇರವಾಗಿ ಪಾಪವೆಂದೇ ಕರೆಯುತ್ತದೆ. ಅವನ ಪ್ರಕಾರ ಮನುಷ್ಯ ಯಾವುದೋ ಒಂದು ವಸ್ತುವಿಗಾಗಿ ನಿರಾಶನಾಗುವುದಿಲ್ಲ. ಪ್ರಿಯನನ್ನು ಕಳೆದುಕೊಂಡ ಹುಡುಗಿ ಪ್ರಿಯನಿಗಾಗಿ ಹತಾಶಳಾದಂತೆ ಕಾಣುತ್ತಾಳೆ; ನಿಜದಲ್ಲಿ ಅವನಿಲ್ಲದೆ ಉಳಿದ ತನ್ನನ್ನೇ ಅವಳು ಸಹಿಸಲಾರಳು.

ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ. ತಾಯಿಯ ಅಳುವಿನಲ್ಲಿ ಅವಳ ‘ನಾನು’ವನ್ನು ಹುಡುಕುವುದು ಕ್ರೂರವೆನಿಸಿತ್ತು. ಸತ್ತವನು ಮಗ. ಅವಳ ಕಣ್ಣಿರುವುದು ಅವನ ಖಾಲಿ ಮಂಚದ ಮೇಲೆ, ತನ್ನ ಮೇಲಲ್ಲ.

ನನ್ನ ಪಕ್ಷಕ್ಕೆ ಬೈಬಲಿನಲ್ಲೇ ಸಾಕ್ಷಿಯಿತ್ತು. ಅರಸುಗಳ ಮೊದಲ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಅಡವಿಯ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೂತ ಬಂದು ಬುದ್ಧಿ ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಇದೆ, ತಂಬಿಗೆಯಲ್ಲಿ ನೀರಿದೆ, ಎದ್ದು ತಿನ್ನು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ, ದೂತ ಮತ್ತೆ ತಟ್ಟಿ ಉಣ್ಣಿಸುತ್ತಾನೆ. ದಾರಿ ನಿನ್ನ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಳ್ಳುವವನೂ ಆ ದೂತನೇ. ಪಾಪದ ಮಾತು ಎಲ್ಲೂ ಇಲ್ಲ.

ಹೈದರಾಬಾದಿನವರಿಗೆ ಇದರ ಕಲ್ಲಿನ ರೂಪ ದೂರವಿಲ್ಲ. ಸುಮಾರು ನೂರು ಕಿಲೋಮೀಟರ್ ಆಚೆ ಮೆದಕ್ ಕ್ಯಾಥೆಡ್ರಲ್ ಇದೆ. ಬರಗಾಲದಲ್ಲಿ ಹಸಿದ ಜನಕ್ಕೆ ಕೆಲಸ ಕೊಟ್ಟು ಊಟ ಹಾಕುತ್ತ ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಕಟ್ಟಿಸಿದ್ದು. ಪ್ರತಿಷ್ಠೆಯಾದದ್ದು 1924ರ ಕ್ರಿಸ್ಮಸ್ ದಿನ. ಕಲ್ಲು ಹೊತ್ತವರಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ, ಅನ್ನ. ಕ್ರೈಸ್ತ ಭರವಸೆ ಅಂದರೆ ಇದೇ, ರೊಟ್ಟಿ ಮೊದಲು, ಮಾತು ಆಮೇಲೆ ಎಂದು ನಾನು ನಂಬಿಕೊಂಡೆ. ಭಾನುವಾರ ಆರಾಧನೆ ಮುಗಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಚಿಗವ್ವನ ಮನೆಗೆ ಹೋಗುತ್ತಿದ್ದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಖಿನ್ನತೆ ಎಂದು ಹೇಳಿ ಗುಳಿಗೆ ಬರೆದರು. ಟೆಲಿ-ಮಾನಸ್‌ನ 14416 ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಇವೆಲ್ಲ ನಂಬಿಕೆಯ ಕೊರತೆಯೆನ್ನುವವರ ಮಾತನ್ನು ನಾನು ಇವತ್ತಿಗೂ ಕೇಳುವವನಲ್ಲ. ಗುಳಿಗೆಯಿಂದ ಅವಳಿಗೆ ನಿದ್ದೆ ಬಂತು, ಅರ್ಧ ರೊಟ್ಟಿ ಸೇರಿತು.

ಒಂದು ಭಾನುವಾರ ಧೈರ್ಯ ಮಾಡಿ ಹೇಳಿದೆ: “ಚಿಗವ್ವಾ, ಅವರ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡ. ಇದು ರೋಗ, ಪಾಪ ಅಲ್ಲ.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ರೋಗ ಅಂದ್ರ ಗುಳಿಗಿ ಅದ. ಪಾಪ ಅಂದ್ರ ಮಾಫಿ ಅದ. ನನಗ ಮಾಫಿ ಬೇಕಾಗ್ಯಾದಪ್ಪ. ರಾತ್ರಿನೇ ಹೊಂಟು ಬಾ ಅಂದಾಕಿ ನಾನೇ.”

ಈ ಮಾತನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಕೀರ್ಕೆಗಾರ್ಡ್ ನನಗಿಂತ ಆಳಕ್ಕೆ ನೋಡಿದ್ದನೆಂದು ಅಲ್ಲಿ ಒಪ್ಪಬೇಕಾಯಿತು. ಅವಳು ಸಹಿಸಲಾರದೆ ಇದ್ದದ್ದು ಮಗನಿಲ್ಲದ ಮನೆಯನ್ನು ಮಾತ್ರವಲ್ಲ, ಫೋನಿನಲ್ಲಿ ಆ ಮಾತಾಡಿದ ತನ್ನನ್ನು. ನಾನು ಕರುಣೆಯಿಂದಲೇ ‘ರೋಗ’ ಅಂದೆ. ಆ ಒಂದು ಪದದಿಂದ ಅವಳ ತಪ್ಪೊಪ್ಪಿಗೆಯ ಬಾಗಿಲನ್ನೇ ಮುಚ್ಚಿದೆ. ಪಾಪದ ಎದುರಿಗಿರುವುದು ಪುಣ್ಯವಲ್ಲ, ವಿಶ್ವಾಸ ಎಂದು ಅವನು ಅದೇ ಪುಸ್ತಕದಲ್ಲಿ ವಾದಿಸುತ್ತಾನೆ. ಹಾಗಾದರೆ ಪಾಪವೆಂಬ ಮಾತು ತೀರ್ಪೇ ಆಗಬೇಕಿಲ್ಲ, ಬಾ ಎನ್ನುವ ಕರೆಯೂ ಆಗಬಹುದು.

ಹಾಗೆಂದು ಹಿರಿಯರು ಸರಿ ಎನ್ನಲಾರೆ. ಅವಳು ಮಾಫಿ ಬೇಡಿದ್ದು ಒಂದು ರಾತ್ರಿಯ ಮಾತಿಗೆ. ಅವರು ಪಾಪವೆಂದದ್ದು ಅವಳ ಅಳುವಿಗೆ. ಎರಡೂ ಬೇರೆ. ಅಲ್ಲದೆ ಆ ರಾತ್ರಿ ಅವಳಿಂದ ಪಾಪ ನಡೆದಿತ್ತೆ? ಮಗನನ್ನು ನೋಡುವ ಆಸೆಯಿಂದ ಬಾ ಅಂದದ್ದಕ್ಕೆ ಯಾವ ಕ್ಷಮೆ? ಇಲ್ಲದ ತಪ್ಪಿಗೆ ಮಾಫಿ ಸಾರಿದರೆ ತಪ್ಪು ಇತ್ತೆಂದು ಒಪ್ಪಿಕೊಂಡಂತೆ. ಸಾರದಿದ್ದರೆ ಅವಳು ಗೋಡೆಯ ಕಡೆಗೇ ತಿರುಗಿರುತ್ತಾಳೆ. ಇಲ್ಲಿ ನನ್ನ ತರ್ಕ ಮುಂದೆ ಹೋಗುವುದಿಲ್ಲ.

ಆ ಸಂಜೆ ಅವಳು ಪ್ರಾರ್ಥನೆ ಮಾಡು ಅಂದಳು. ಬಾಯಿ ಬರಲಿಲ್ಲ. ಅವಳ ಹಳೆಯ ಕನ್ನಡ ಬೈಬಲನ್ನೇ ತೆಗೆದು 88ನೆಯ ಕೀರ್ತನೆ ಓದಿದೆ. ಉಳಿದ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ಹೊರಳುತ್ತವೆ. ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ಅದಕ್ಕೇ ಆರಿಸಿಕೊಂಡಿದ್ದೆ. ಬಲವಂತದ ಬೆಳಕು ಬೇಡ, ನಿನ್ನ ಕತ್ತಲಿಗೂ ದೇವರ ಪುಸ್ತಕದಲ್ಲಿ ಜಾಗವಿದೆ ಎಂದು ತೋರಿಸಬೇಕಿತ್ತು.

“ಇದನ್ನೂ ಇಟ್ಟಾರ?” ಅಂದಳು.

“ಇಟ್ಟಾರ.”

“ಮುಂದಿಂದು ಓದು.”

89 ಶುರುವಾಗುವುದೇ ದೇವರ ಕೃಪೆಯನ್ನು ಹಾಡಿ ಹೊಗಳುತ್ತ. ಅಂಥದ್ದನ್ನು ಅವಳ ಮುಂದೆ ಓದಬಾರದೆಂದು ಇಷ್ಟು ದಿನ ವಾದಿಸಿದವನು ನಾನು, ಕೇಳಿದವಳು ಅವಳೇ. ಓದಿದೆ. 37ನೆಯ ವಚನ ಮುಗಿದಾಗ “ಸಾಕು” ಅಂದಳು. 38ರಿಂದ ಕೀರ್ತನೆ ಮತ್ತೆ ದೂರಿಗೆ ತಿರುಗುತ್ತದೆ, ಕೈಬಿಟ್ಟೆಯಲ್ಲ ಎಂದು ದೇವರನ್ನೇ ಕೇಳುತ್ತದೆ. ಅರವತ್ತು ವರ್ಷದಿಂದ ಆ ಪುಸ್ತಕ ಓದಿದವಳಿಗೆ ಅದು ಗೊತ್ತಿತ್ತೋ, ಗುಳಿಗೆಯ ಮಂಪರು ಕವಿದಿತ್ತೋ ನಾನು ಕೇಳಲಿಲ್ಲ. ಹಾಳೆಯ ನಡುವೆ ಬೆರಳಿಟ್ಟುಕೊಂಡೇ ಕೂತಿದ್ದೆ. ಅವಳು ಈ ಕಡೆ ಹೊರಳಿ ಮಲಗಿದಳು.