ನೋವನ್ನು ಹೊರಬೇಕೋ, ಇಳಿಸಬೇಕೋ?

“ಯೇಸುಸ್ವಾಮಿ ಶಿಲುಬೆಯ ಮೇಲೆ ಪಟ್ಟ ಪಾಡಿನ ಮುಂದೆ ನನ್ನ ಮಂಡಿನೋವು ಯಾವ ಲೆಕ್ಕ, ಬಿಡು ಮಗಾ” ಎನ್ನುವ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. ತಲೆ ಸ್ವಲ್ಪ ಭಾರವಾದರೂ ಸಾಕು, ಅಂಗಡಿಗೆ ಓಡಿ ಮಾತ್ರೆ ನುಂಗುವ ಮಕ್ಕಳೂ ಅದೇ ಮನೆಯಲ್ಲಿದ್ದಾರೆ. ಇವರಲ್ಲಿ ಯಾರು ಸರಿ?

ಕೆಂಪೇಗೌಡರ ಸಮಾಧಿಯಿರುವ ಮಾಗಡಿಯ ಕೆಂಪಾಪುರದಿಂದ ಕನಕಪುರದ ಹಾರೋಬೆಲೆಯವರೆಗೆ ನಮ್ಮದು ಮೈಮುರಿದು ದುಡಿಯುವವರ ಸೀಮೆ. ರಾಮನಗರದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು, ಹೊಲದಲ್ಲಿ ಬಗ್ಗಿ ಕಳೆ ಕೀಳುವವರು, ಇವರಿಗೆಲ್ಲ ಸೊಂಟನೋವು, ಕೀಲುನೋವು ದಿನದ ಸಂಗಾತಿ. ಆ ನೋವೇ ಇಂದು ಲೋಕದಲ್ಲಿ ದೊಡ್ಡ ಮಾರುಕಟ್ಟೆಯಾಗಿದೆ. ಮಾತ್ರೆ, ಮುಲಾಮು, ಚುಚ್ಚುಮದ್ದುಗಳ ವ್ಯಾಪಾರ ಬೆಳೆಯುತ್ತಲೇ ಇದೆ.

ವ್ಯಾಪಾರ ಮಾಡುವುದು ಪಾಪವಲ್ಲ. ಆದರೆ ವ್ಯಾಪಾರ ಹರಿಯುವುದು ಹಣವಿದ್ದ ಕಡೆಗೆ, ನೋವಿದ್ದ ಕಡೆಗಲ್ಲ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ಅದರಿಂದ ಚಟ ಹತ್ತುವುದು ಕಡಿಮೆಯೆಂದು ಜನರನ್ನು ತಪ್ಪುದಾರಿಗೆಳೆದದ್ದನ್ನು ಅದರ ತಯಾರಕರು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಒಡೆದಿದ್ದವು. ಇತ್ತ, 2017ರ ಲ್ಯಾನ್ಸೆಟ್ ಆಯೋಗದ ವರದಿಯಂತೆ, ಲೋಕಕ್ಕೆ ವರ್ಷಕ್ಕೆ ಹಂಚಿಕೆಯಾದ ಸುಮಾರು 300 ಟನ್ ಮಾರ್ಫಿನ್ ಬಗೆಯ ಔಷಧದಲ್ಲಿ ಕಡುಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್. ಅಫೀಮು ಬೆಳೆಯುವ ನಮ್ಮ ದೇಶದಲ್ಲೇ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದು ಕಷ್ಟವಾಯಿತು. 2014ರ ತಿದ್ದುಪಡಿಯಿಂದ ಆ ಬಿಗಿ ಸಡಿಲಗೊಂಡಿತು.

ಬೇಕಾಬಿಟ್ಟಿ ಬಳಕೆಯ ಪಾಠ ನಮ್ಮ ಬಾಗಿಲಲ್ಲೇ ಇದೆ. 2012ರಲ್ಲಿ ರಾಮದೇವರಬೆಟ್ಟ ರಣಹದ್ದುಗಳ ಧಾಮವಾಯಿತು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಹೆಣದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಾದ್ಯಂತ ಅವು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ದನಗಳಿಗೆ ಆ ಮದ್ದು ಕೊಡುವುದನ್ನು ನಿಷೇಧಿಸಲಾಯಿತು. ವೈದ್ಯರನ್ನು ಕೇಳದೆ ಇಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಮನುಷ್ಯರ ಹೊಟ್ಟೆ, ಮೂತ್ರಪಿಂಡಗಳಿಗೂ ಕೇಡು ತಪ್ಪಿದ್ದಲ್ಲ.

ಹಾಗಾದರೆ ನೋವನ್ನು ಸುಮ್ಮನೆ ಸಹಿಸಬೇಕೇ? ಶಿಲುಬೆಗೇರಿಸುವ ಮುನ್ನ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಪ್ರಭು ಯೇಸು ಕುಡಿಯಲಿಲ್ಲವೆಂದು ಸಂತ ಮಾರ್ಕನ ಶುಭಸಂದೇಶ ಹೇಳುತ್ತದೆ. ಆದರೆ ಅದು ಅವರು ತಮಗಾಗಿ ಮಾಡಿಕೊಂಡ ಆಯ್ಕೆ. ತಮ್ಮ ಬಳಿಗೆ ಬಂದ ಒಬ್ಬ ರೋಗಿಗೂ ಅವರು ‘ಸಹಿಸಿಕೋ’ ಎನ್ನಲಿಲ್ಲ, ಗುಣಪಡಿಸಿದರು. ಅವರ ಸಾಮತಿಯದ ಸಮಾರಿತನು ಗಾಯಾಳುವಿಗೆ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನು. ತಾನಾಗಿ ಹೊತ್ತರೆ ಶಿಲುಬೆ, ಮತ್ತೊಬ್ಬರ ಹೆಗಲಿಗೆ ಹೇರಿದರೆ ಕ್ರೌರ್ಯ.

ಧರ್ಮಸಭೆಯ ಬೋಧನೆಯೂ ಇದೇ. ನೋವು ತಗ್ಗಿಸಲು ಮದ್ದು ಪಡೆಯುವುದು ತಪ್ಪಲ್ಲವೆಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1957ರಲ್ಲೇ ವೈದ್ಯರಿಗೆ ಸ್ಪಷ್ಟಪಡಿಸಿದ್ದರು. ಎರಡನೆಯ ಜಾನ್ ಪೌಲರು 1984ರ ತಮ್ಮ ಪತ್ರದಲ್ಲಿ ಯಾತನೆಯ ಅರ್ಥವನ್ನು ವಿವರಿಸುತ್ತಾ ಕೊನೆಗೆ ಬಂದು ನಿಲ್ಲುವುದು ಆ ಸಮಾರಿತನ ಬಳಿಯೇ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿರುವುದೂ ಅದೇ ದಾರಿಯ ಕೆಲಸ.

ಇನ್ನು ನಮ್ಮ ತಾಯಂದಿರ ಮಾತು. “ಶಿಲುಬೆಯ ಮುಂದೆ ಇದೇನು ಮಹಾ” ಎನ್ನುವಾಗ ಅದು ಬರೀ ಭಕ್ತಿಯೇ? ಅಥವಾ ‘ಮಗನಿಗೆ ಖರ್ಚಾದೀತು, ಸೊಸೆಗೆ ಕೆಲಸ ಕೆಟ್ಟೀತು’ ಎಂಬ ಅಂಜಿಕೆಯೇ? ಭಕ್ತಿಯಾದರೆ ಕೈಮುಗಿಯೋಣ. ಅಂಜಿಕೆಯಾದರೆ ಆ ಶಿಲುಬೆಯನ್ನು ಅವರ ಹೆಗಲಿಗೇರಿಸಿದವರು ನಾವೇ. ಇಂದು ಸಂಜೆ ಜಪಸರ ಮುಗಿದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು, “ನಿಜ ಹೇಳಮ್ಮ, ಎಲ್ಲಿ ನೋಯುತ್ತೆ?” ಎಂದು ಕೇಳಿ. ನಾಳೆ ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ವೈದ್ಯರ ಬಳಿಗೆ ಕರೆದೊಯ್ಯಿರಿ.