ಮುದ್ರೆ ಯಾರದು, ಮಾತು ಯಾರದು?

ಕಲಬುರಗಿಯಿಂದ ಬೀದರಿಗೆ ಹೋಗುವ ದಾರಿ ಕಮಲಾಪುರ, ಹುಮನಾಬಾದಗಳನ್ನು ದಾಟಿ ಸಾಗುತ್ತದೆ. ಇಂದು ಕಮಲಾಪುರವೆಂದರೆ ಜನರಿಗೆ ನೆನಪಾಗುವುದು ಅಲ್ಲಿನ ಕೆಂಪು ಬಾಳೆ. ಆದರೆ ಈ ದಾರಿಯ ಎರಡು ತುದಿಗಳೂ ಬಹಮನಿ ರಾಜ್ಯದ ರಾಜಧಾನಿಗಳಾಗಿದ್ದವು. 1347ರಲ್ಲಿ ಸ್ಥಾಪನೆಯಾದ ಈ ರಾಜ್ಯ ಮೊದಲು ಕಲಬುರಗಿಯಿಂದ, ಹದಿನೈದನೆಯ ಶತಮಾನದಲ್ಲಿ ಬೀದರಿನಿಂದ ಆಳಿತು. ಆ ಕಾಲದಲ್ಲಿ ಇರಾನಿನ ಎಷ್ಟೋ ಮಂದಿ ಇಲ್ಲಿಗೆ ಬಂದು ನೆಲೆಸಿದರು. ಕಲಬುರಗಿಯಲ್ಲಿ ಫಿರೋಜ್ ಶಾಹನ ಗುರುವೂ ಮಂತ್ರಿಯೂ ಆಗಿದ್ದ ಮೀರ್ ಫಜಲುಲ್ಲಾ ಇಂಜೂ ಶಿರಾಜಿನವನು. ಬೀದರಿನಲ್ಲಿ ಪ್ರಧಾನಿಯಾದ ಮಹಮೂದ್ ಗವಾನ್ ಗೀಲಾನಿನವನು.

ಗವಾನ್ 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿ ಇಳಿದಾಗ ಒಬ್ಬ ವ್ಯಾಪಾರಿ. ಮುಂದೆ ರಾಜ್ಯದ ಚುಕ್ಕಾಣಿಯೇ ಅವನ ಕೈಗೆ ಬಂತು. 1472ರಲ್ಲಿ ಅವನು ಬೀದರಿನಲ್ಲಿ ಕಟ್ಟಿಸಿದ ಮದ್ರಸಾ ಇಂದಿಗೂ ಅರ್ಧ ಕುಸಿದ ಸ್ಥಿತಿಯಲ್ಲಿ ನಿಂತಿದೆ. ರಾಜ್ಯದ ನಾಲ್ಕು ಪ್ರಾಂತಗಳನ್ನು ಅವನು ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿಯ ವಶದಲ್ಲಿ ಒಂದೇ ಕೋಟೆ ಇರಬೇಕೆಂದ. ಅಧಿಕಾರ ಕಳೆದುಕೊಂಡವರು ಸುಮ್ಮನಿರುತ್ತಾರೆಯೇ? ದಖನಿಗಳು ಮತ್ತು ಹೊರಗಿನಿಂದ ಬಂದವರು ಎಂಬ ಒಡಕು ದರ್ಬಾರಿನಲ್ಲಿ ಮೊದಲೇ ಇತ್ತು. ಎರಡು ಬಣಗಳಿಗೂ ಹುದ್ದೆಗಳನ್ನು ಹಂಚಿ ಸಮತೋಲನ ಕಾಯಲು ಗವಾನ್ ಯತ್ನಿಸಿದನಾದರೂ ಹಗೆ ಆರಲಿಲ್ಲ.

ಮುಂದೆ ನಡೆದುದನ್ನು ಇತಿಹಾಸಕಾರ ಫಿರಿಶ್ತಾ ವಿವರಿಸಿದ್ದಾನೆ. ಗವಾನನ ಮುದ್ರೆ ಕಾಯುವ ಸೇವಕನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಲಾಯಿತು. ಅದರಲ್ಲಿ ಒಡಿಶಾದ ರಾಜನಿಗೆ ದಂಡೆತ್ತಿ ಬರುವಂತೆ ಕರೆ ಕೊಡುವ ಪತ್ರ ಬರೆಯಲಾಯಿತು. ಪತ್ರವನ್ನು ಮೂರನೆಯ ಮುಹಮ್ಮದ್ ಶಾಹನ ಮುಂದಿಟ್ಟಾಗ ಅವನು ಪಾನಮತ್ತನಾಗಿದ್ದ. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಗವಾನ್ ಹೇಳಿದರೂ ಅರಸ ವಿಚಾರಣೆ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಉರುಳಿತು.

ಇದಕ್ಕೂ ನೂರ ಅರವತ್ತು ವರ್ಷಗಳ ಹಿಂದೆ ಇರಾನಿನಲ್ಲೇ ಇಂಥದೊಂದು ಅನ್ಯಾಯ ನಡೆದಿತ್ತು. ಹಮದಾನಿನ ಯಹೂದಿ ಮನೆತನದಲ್ಲಿ ಹುಟ್ಟಿ, ಇಸ್ಲಾಮ್ ಸ್ವೀಕರಿಸಿದ ರಶೀದುದ್ದೀನ್ ವೃತ್ತಿಯಲ್ಲಿ ವೈದ್ಯ. ಮಂಗೋಲ್ ಅರಸರ ನಾಡಿ ಹಿಡಿಯುತ್ತಲೇ ಅವರ ವಜೀರನಾದ. ಜಗತ್ತಿನ ಹಲವು ಜನಾಂಗಗಳ ಚರಿತ್ರೆಯನ್ನು ಒಂದೇ ಗ್ರಂಥದಲ್ಲಿ ತಂದ. ತಬ್ರೀಜಿನಲ್ಲಿ ಆಸ್ಪತ್ರೆ, ಗ್ರಂಥಾಲಯಗಳಿದ್ದ ವಿದ್ಯಾನಗರವನ್ನೇ ಕಟ್ಟಿಸಿದ. ಅರಸ ಒಲ್ಜೈತೂ 1316ರಲ್ಲಿ ತೀರಿಕೊಂಡ ಮೇಲೆ, ಔಷಧದ ಹೆಸರಿನಲ್ಲಿ ಅವನಿಗೆ ವಿಷವಿಟ್ಟನೆಂಬ ಆರೋಪ ಈ ವೈದ್ಯನ ಮೇಲೆ ಬಂತು. 1318ರಲ್ಲಿ ಮಗನೊಂದಿಗೆ ಅವನನ್ನೂ ಕೊಂದರು. ಅವನು ಕಟ್ಟಿಸಿದ ವಿದ್ಯಾನಗರವನ್ನು ಸೂರೆಗೈದರು.

ಒಬ್ಬನ ಮುದ್ರೆ, ಇನ್ನೊಬ್ಬನ ಔಷಧ. ಇಬ್ಬರ ವಿರುದ್ಧವೂ ಸಾಕ್ಷಿಯಾಗಿ ನಿಂತದ್ದು ಅವರ ಮೇಲೆ ಜನರು ಇಟ್ಟಿದ್ದ ನಂಬಿಕೆಯ ಗುರುತೇ. ಮುದ್ರೆಗೆ ಬೆಲೆ ಇದ್ದುದರಿಂದಲೇ ಅದನ್ನು ಕದಿಯಬೇಕಾಯಿತು.

ರಾಜ್ಯಕ್ಕೆ ಅಪಾಯ ಒದಗಿದಾಗ ವಿಚಾರಣೆಗೆ ಸಮಯವೆಲ್ಲಿದೆ ಎಂದು ಕೇಳುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈದ್ಯನೂ ಕೆಲವೊಮ್ಮೆ ಕ್ಷಣದಲ್ಲಿ ನಿರ್ಧರಿಸಬೇಕಾಗುತ್ತದೆ. ಆದರೆ ಅವನ ಅವಸರ ಜೀವ ಉಳಿಸುವುದಕ್ಕೆ; ಆ ಅವಸರದಲ್ಲೂ ಅವನು ನಾಡಿ ನೋಡುವುದನ್ನು ಬಿಡುವುದಿಲ್ಲ. ಗವಾನನನ್ನು ಬಂಧನದಲ್ಲಿಟ್ಟು ಪತ್ರ ಬರೆದ ಕೈ ಯಾವುದೆಂದು ಹುಡುಕಿದ್ದರೆ ರಾಜ್ಯಕ್ಕೆ ಯಾವ ಕೇಡೂ ಆಗುತ್ತಿರಲಿಲ್ಲ. ಬಂಧಿಸಿದವನನ್ನು ಬಿಡಬಹುದು, ಕಡಿದ ತಲೆಯನ್ನು ಮತ್ತೆ ಜೋಡಿಸಲಾಗದು. ತಿದ್ದಲಾಗದ ಶಿಕ್ಷೆಯನ್ನು ಅವಸರದಲ್ಲಿ ಕೊಡುವವನು ರಾಜ್ಯವನ್ನು ಕಾಯುತ್ತಿಲ್ಲ, ತನ್ನ ಸಿಟ್ಟನ್ನು ಕಾಯುತ್ತಿದ್ದಾನೆ. ನಂಬಲಾಗದವನು ಸುದ್ದಿ ತಂದರೆ ಮೊದಲು ಪರಿಶೀಲಿಸಿ, ಇಲ್ಲವಾದರೆ ಪಶ್ಚಾತ್ತಾಪ ಪಡುವಿರಿ ಎಂಬುದು ಆ ಅರಸ ನಂಬಿದ್ದ ಕುರ್‌ಆನಿನದೇ ಬೋಧನೆ.

ಪಶ್ಚಾತ್ತಾಪವೂ ತಡವಾಗಲಿಲ್ಲ. ಗವಾನನ ಖಜಾನೆ ತೆರೆಸಿದರೆ ನಿರೀಕ್ಷಿಸಿದ ಸಂಪತ್ತು ಸಿಗಲಿಲ್ಲ. ಆದಾಯ ದಾನಧರ್ಮಕ್ಕೆ ಹೋಗುತ್ತಿತ್ತು, ಅವನ ಬದುಕು ಸರಳವಾಗಿತ್ತು ಎಂದು ತಿಳಿಯಿತು. ಮರುವರ್ಷವೇ ಮುಹಮ್ಮದ್ ಶಾಹನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಅರಸರು ಹೋದರು, ಅರಸರ ಆತುರ ಮಾತ್ರ ಉಳಿದಿದೆ. ಈಗ ಮುದ್ರೆ ಕದಿಯಲು ಸೇವಕನಿಗೆ ಲಂಚ ಕೊಡಬೇಕಾಗಿಲ್ಲ. ಒಬ್ಬನ ಹೆಸರು, ಚಿತ್ರ, ದನಿಯನ್ನು ಅವನು ಆಡದ ಮಾತಿಗೆ ಅಂಟಿಸಿ ಮೊಬೈಲಿನಲ್ಲಿ ಹರಿಯಬಿಟ್ಟರೆ ಸಾಕು. ಅದನ್ನು ನೋಡಿದ ಪ್ರತಿಯೊಬ್ಬನೂ ಆ ಕ್ಷಣಕ್ಕೆ ಒಬ್ಬ ಪುಟ್ಟ ಸುಲ್ತಾನ. ಆರೋಪ ಹೊತ್ತವನು ಹೊರಗಿನವನೋ ಬೇರೆ ಸಮುದಾಯದವನೋ ಆಗಿದ್ದರಂತೂ ವಿಚಾರಣೆಯೇ ಬೇಡವೆನಿಸುತ್ತದೆ. ಗವಾನನ ವಿಷಯದಲ್ಲೂ ಹಾಗೆಯೇ ಆಯಿತು. ಇಪ್ಪತ್ತೆಂಟು ವರ್ಷ ಈ ನೆಲಕ್ಕಾಗಿ ದುಡಿದ ಮೇಲೂ ಅವನು ಪರದೇಶಿಯಾಗಿಯೇ ಉಳಿದಿದ್ದ.

ಆದ್ದರಿಂದ ನಮ್ಮ ಕೈಗೆ ಬರುವ ಪ್ರತಿ ‘ಪತ್ರ’ದ ಮುಂದೆಯೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಮುದ್ರೆ ಇವನದೇ ಇರಬಹುದು, ಮಾತೂ ಇವನದೇ ಏನು? ಅಷ್ಟು ಕೇಳುವ ತಾಳ್ಮೆ ಇಲ್ಲದಿದ್ದರೆ ತೀರ್ಪು ಕೊಡುವ ಹಕ್ಕೂ ನಮಗಿಲ್ಲ.