ಹನ್ನೆರಡು ಗಂಟೆಗಳ ಗಡುವು

ಅಮೆರಿಕದ ಕೊಲರಾಡೊ ರಾಜ್ಯದ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿನಲ್ಲಿ 1994ರಿಂದ ನೂರು ಮೈಲಿಗಳ ಬೆಟ್ಟದ ಸೈಕಲ್ ಪಂದ್ಯ ನಡೆದುಬಂದಿದೆ. ಊರೇ 10,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿ ಉಸಿರೂ ದುಬಾರಿ. ಸ್ಪರ್ಧಿಗಳಲ್ಲಿ ಬಹುಪಾಲು ಹವ್ಯಾಸಿಗಳು. 12 ಗಂಟೆಗಳೊಳಗೆ ಮುಗಿಸಿದವರಿಗೆ ಸೊಂಟಪಟ್ಟಿಯ ಬಕಲ್ ಒಂದು ಸಲ್ಲುತ್ತದೆ, ತಡವಾದವರಿಗೆ ಇಲ್ಲ.

ಗಡುವು ಸಮೀಪಿಸುತ್ತಿರುವಾಗ ಮುಂದಿನ ಸವಾರನು ಬಿದ್ದರೆ ನಿಲ್ಲಬೇಕೇ? ನಿಲ್ಲಬೇಕೆಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಇರುವುದು ಪೆಡಲಿನಿಂದ ಕಾಲು ತೆಗೆಯುವ ಮುನ್ನ ಮನಸ್ಸು ಹಾಕುವ ಲೆಕ್ಕದಲ್ಲಿ. ವ್ಯಾಪಾರಿಗಳಾದ ನಾವು ಇಂತಹ ಸಮಯದಲ್ಲಿ ಹೊಟ್ಟೆಪಾಡಿನ ನೆಪ ಹೇಳುತ್ತೇವೆ, ನಾನೂ ಹೇಳಿದ್ದುಂಟು. ಹವ್ಯಾಸಿಗೆ ಆ ನೆಪವೂ ಇಲ್ಲ. ಬಕಲ್‌ನಿಂದ ಯಾರ ಮನೆಯ ಒಲೆಯೂ ಉರಿಯದು. ಆದರೂ ಮನಸ್ಸು ಒಂದು ಕ್ಷಣ ಹಿಂಜರಿಯುತ್ತದೆ. ಹಾಗಾದರೆ ಅಂಗಡಿಯ ಗಲ್ಲೆಯ ಮುಂದೆ ಇಷ್ಟು ವರ್ಷ ನನ್ನನ್ನು ಹಿಡಿದು ಕೂರಿಸಿದ್ದುದು ನಿಜಕ್ಕೂ ಹಸಿವೇ?